ವಾರಕ್ಕೆರಡು ದಿನದ ಲೆಕ್ಕ

ದಾವಣಗೆರೆ ಜಿಲ್ಲೆಯ ಜಗಳೂರಿನವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಕೊಳವೆಬಾವಿ ಕೊರೆಸಿ ಕೈಸುಟ್ಟುಕೊಂಡವರು ಅಲ್ಲಿ ಊರೂರಿಗೂ ಸಿಗುತ್ತಾರೆ. ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ಕಾದ ಸೀಮೆ ಅದು. ಆದ್ದರಿಂದ ಕಿಡ್ನಿ ಕೆಟ್ಟವರ ಚಿಕಿತ್ಸೆಯ ಖರ್ಚಿನ ಲೆಕ್ಕವನ್ನು ಮೊದಲು ಲೀಟರಿನಲ್ಲೇ ಶುರುಮಾಡೋಣ, ರೂಪಾಯಿ ಆಮೇಲೆ ಬರಲಿ.

ಕೆಟ್ಟ ಕಿಡ್ನಿಯ ಬದಲು ರಕ್ತ ಸೋಸುವ ಡಯಾಲಿಸಿಸ್ ಯಂತ್ರದೊಳಗೆ ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಂತೆ ದ್ರಾವಣ ಹರಿಯುತ್ತಿರುತ್ತದೆ. ರೋಗಿ ನಾಲ್ಕು ತಾಸು ಮಲಗಿದರೆ 120 ಲೀಟರ್. ಅಷ್ಟು ನೀರು ಅವರ ರಕ್ತದಿಂದ ಒಂದು ತೆಳ್ಳನೆಯ ಪೊರೆಯಷ್ಟೇ ದೂರದಲ್ಲಿ ಹಾದುಹೋಗುತ್ತದೆ. ನಾವು ಕುಡಿಯುವ ಎರಡು ಲೀಟರ್ ನೀರನ್ನು ಹೊಟ್ಟೆ, ಕರುಳು, ಯಕೃತ್ತು ಮೂರೂ ತಪಾಸಣೆ ಮಾಡಿ ಒಳಗೆ ಬಿಡುತ್ತವೆ. ಡಯಾಲಿಸಿಸ್ ನೀರಿಗೆ ಆ ಕಾವಲು ಇಲ್ಲ. ಅದರಲ್ಲಿ ಕ್ಲೋರಿನ್ ಉಳಿದಿದ್ದರೆ ರಕ್ತಕಣ ಒಡೆಯುತ್ತವೆ. ಅಲ್ಯೂಮಿನಿಯಂ ಇದ್ದರೆ ಮಿದುಳಿಗೂ ಮೂಳೆಗೂ ಪೆಟ್ಟು. ಫ್ಲೋರೈಡ್ ಇದ್ದರೆ ಅದೂ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ಹಾಸಿಗೆ ಇರುವ ಕೋಣೆಯ ಪಕ್ಕದಲ್ಲೇ ಇನ್ನೊಂದು ಕೋಣೆ ಬೇಕು: ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ಗಡಸುತನ ತೆಗೆಯುವ ಉಪಕರಣ, ಕೊನೆಗೆ ಆರ್‌ಓ. ಆರ್‌ಓ ಒಂದಿಷ್ಟು ನೀರನ್ನು ಹೊರಗೆ ಚೆಲ್ಲಿಯೇ ಉಳಿದದ್ದನ್ನು ಶುದ್ಧ ಮಾಡುವುದರಿಂದ 120 ಲೀಟರಿಗೆ ಬಾವಿಯಿಂದ ಎತ್ತಬೇಕಾದದ್ದು ಇನ್ನೂ ಹೆಚ್ಚು. ನೆಲದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಜಗಳೂರಿನಂಥ ಕಡೆ ಈ ಪಕ್ಕದ ಕೋಣೆ ಹಾಸಿಗೆಯ ಕೋಣೆಗಿಂತಲೂ ಮುಖ್ಯ ಎಂದರೆ ಅತಿಶಯವಲ್ಲ.

ಇಷ್ಟೆಲ್ಲ ಮಾಡಿ ಯಂತ್ರ ಕೊಡುವುದು ಎಷ್ಟು? ಆರೋಗ್ಯವಂತರ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಲೀಟರ್ ಮೂತ್ರ ಬಿಟ್ಟು ಉಳಿದದ್ದನ್ನೆಲ್ಲ ರಕ್ತಕ್ಕೆ ಮರಳಿಸುತ್ತವೆ. ಹೊರಗಿನಿಂದ ಒಂದು ಹನಿ ನೀರನ್ನೂ ಕೇಳುವುದಿಲ್ಲ. ವಾರದ 168 ತಾಸೂ ನಡೆಯುವ ಆ ಕೆಲಸವನ್ನು, ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸುವವರ ಯಂತ್ರ 8 ತಾಸಿನಲ್ಲಿ ಮುಗಿಸಬೇಕು. ಮುಗಿಸುವುದಿಲ್ಲ, ಮುಗಿಸಲಾಗದು. ಜೀವ ಉಳಿಸುವಷ್ಟನ್ನು ಮಾಡುತ್ತದೆ. ಉಳಿದ 160 ತಾಸು ರೋಗಿ ಬಾಯಿ ಕಟ್ಟಿಕೊಂಡು ಕಾಯಬೇಕು. ಚಹಾ, ಗಂಜಿ, ಸಾರು ಎಲ್ಲ ಸೇರಿ ಇಷ್ಟೇ ಎಂದು ನೀರಿಗೆ ಅಳತೆ. ಅದೇ ಜಿಲ್ಲೆಯ ಚನ್ನಗಿರಿಯ ತೋಟದಲ್ಲಿ ತಲೆಯ ಮೇಲೆಯೇ ಎಳನೀರು ತೂಗುತ್ತಿದ್ದರೂ ಕುಡಿಯುವಂತಿಲ್ಲ. ಅದರಲ್ಲಿರುವ ಪೊಟ್ಯಾಸಿಯಂ ಅಂಥವರ ಹೃದಯವನ್ನೇ ನಿಲ್ಲಿಸಬಲ್ಲದು.

ಈ ಯಂತ್ರ ಹಳ್ಳಿಯ ಹತ್ತಿರಕ್ಕೆ ಬಂದದ್ದು ಸಣ್ಣ ಸಾಧನೆಯಲ್ಲ. 1943ರಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯ, ಜರ್ಮನರ ಹಿಡಿತದಲ್ಲಿದ್ದ ನೆದರ್ಲೆಂಡಿನ ಕಾಂಪೆನ್ ಎಂಬ ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ, ಸಾಸೇಜ್ ಸುತ್ತುವ ಸೆಲೋಫೇನ್ ಕೊಳವೆಯನ್ನು ಒಂದು ಡ್ರಮ್ಮಿಗೆ ಸುತ್ತಿ ಮೊದಲ ಕೃತಕ ಕಿಡ್ನಿ ಕಟ್ಟಿದರು. ಒಬ್ಬ ರೋಗಿಯನ್ನು ಅದು ಉಳಿಸಿದ್ದು 1945ರಲ್ಲಿ, ಅದಕ್ಕೂ ಮೊದಲು ಒಂದು ಡಜನ್‌ಗೂ ಹೆಚ್ಚು ರೋಗಿಗಳು ತೀರಿಕೊಂಡಿದ್ದರು. ಹದಿನೈದು ವರ್ಷದ ಮೇಲೆ, 1960ರಲ್ಲಿ, ಅಮೆರಿಕದ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿಗೆ ಟೆಫ್ಲಾನ್ ಕೊಳವೆಯನ್ನು ಕಾಯಮ್ಮಾಗಿ ಜೋಡಿಸುವ ದಾರಿ ಕಂಡುಕೊಂಡರು. ಅಲ್ಲಿಯವರೆಗೆ ಡಯಾಲಿಸಿಸ್ ಕೆಲವು ದಿನದ ಆಸರೆಯಾಗಿತ್ತು. ಅಂದಿನಿಂದ ವರ್ಷಗಟ್ಟಲೆ ಬದುಕಿಸುವ ಚಿಕಿತ್ಸೆಯಾಯಿತು. ಜೊತೆಗೇ ಹೊಸ ಸಂಕಟವೊಂದು ಹುಟ್ಟಿತು. ಯಂತ್ರಗಳು ಕೆಲವೇ, ರೋಗಿಗಳು ಬಹಳ. ಯಾರಿಗೆ ಕೊಡಬೇಕು? ಸಿಯಾಟಲ್‌ನಲ್ಲಿ ಊರಿನ ಕೆಲವರನ್ನು ಸೇರಿಸಿ ಒಂದು ಸಮಿತಿ ಮಾಡಿದರು. ಅವರು ರೋಗಿಯ ಉದ್ಯೋಗ, ಮಕ್ಕಳ ಸಂಖ್ಯೆ, ಚರ್ಚಿಗೆ ಹೋಗುವ ರೂಢಿಯನ್ನೆಲ್ಲ ನೋಡಿ ಆರಿಸುತ್ತಿದ್ದರು. 1962ರಲ್ಲಿ ಲೈಫ್ ಪತ್ರಿಕೆ ಇದನ್ನು ಬರೆದಾಗ ದೇಶವೇ ಬೆಚ್ಚಿತು. 1972ರಲ್ಲಿ ಅಮೆರಿಕದ ಸರ್ಕಾರ, ವಯಸ್ಸು ನೋಡದೆ, ಕಿಡ್ನಿ ಸೋತ ಹೆಚ್ಚೂಕಡಿಮೆ ಎಲ್ಲರ ಚಿಕಿತ್ಸೆಯ ಹೊಣೆಯನ್ನೂ ತಾನೇ ಹೊರುವ ಕಾನೂನು ಮಾಡಿತು.

ನಮ್ಮಲ್ಲಿ ಅಂಥ ಸಮಿತಿ ಎಂದೂ ಇರಲಿಲ್ಲ. ಆ ಕೆಲಸವನ್ನು ದೂರವೂ ದುಡ್ಡೂ ಸದ್ದಿಲ್ಲದೆ ಮಾಡುತ್ತಿದ್ದವು. ಜಗಳೂರಿನಿಂದ ದಾವಣಗೆರೆಗೆ ಸುಮಾರು 50 ಕಿಲೋಮೀಟರ್. ಹೋಗಿಬರಲು 100. ವಾರಕ್ಕೆ ಎರಡು ಸಲವೆಂದರೆ ವರ್ಷಕ್ಕೆ 10,400 ಕಿಲೋಮೀಟರ್, ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಉದ್ದದ ಮೂರು ಪಟ್ಟಿಗೂ ಹೆಚ್ಚು. ಸುಸ್ತಾದ ದೇಹ ಅಷ್ಟು ದೂರ ಬಸ್ಸಿನಲ್ಲಿ ಹೋಗಿಬರಬೇಕಿತ್ತು. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯವರಿಗೆ ಒಂದು ಕಡೆ ಹೊನ್ನಾಳಿ, ಇನ್ನೊಂದು ಕಡೆ ಶಿವಮೊಗ್ಗ. ಚನ್ನಗಿರಿಯವರಿಗೆ ಒಂದು ಕಡೆ ದಾವಣಗೆರೆ, ಇನ್ನೊಂದು ಕಡೆ ಶಿವಮೊಗ್ಗ. ಬಸ್ಸು ತಪ್ಪಿದ ದಿನ ಡಯಾಲಿಸಿಸ್ಸೂ ತಪ್ಪುತ್ತಿತ್ತು.

2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದಾಗ ಕೊಟ್ಟ ಅಂದಾಜು ಹೀಗಿತ್ತು: ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು, ಅವರಿಗೆ ಬೇಕಾಗುವ ಡಯಾಲಿಸಿಸ್ 3.4 ಕೋಟಿ ಸಲ, ಖಾಸಗಿಯಲ್ಲಿ ಮಾಡಿಸಿದರೆ ಒಬ್ಬ ರೋಗಿಗೆ ವರ್ಷಕ್ಕೆ 3ರಿಂದ 4 ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಜಿಲ್ಲಾ ಆಸ್ಪತ್ರೆಗಳಿಂದ ತಾಲ್ಲೂಕು ಆಸ್ಪತ್ರೆಗಳಿಗೆ ಉಚಿತ ಡಯಾಲಿಸಿಸ್ ಇಳಿದು ಬಂತು. 168 ಇದ್ದ ಕೇಂದ್ರಗಳನ್ನು 219ಕ್ಕೆ ಏರಿಸಲು ರಾಜ್ಯ ಕೈಹಾಕಿತು. 2024ರ ಆರಂಭದಲ್ಲಿ, ತೊಳೆದು ಮತ್ತೆ ಮತ್ತೆ ಬಳಸುವ ಫಿಲ್ಟರ್ ಬಿಟ್ಟು ಒಂದೇ ಸಲ ಬಳಸಿ ಎಸೆಯುವ ಫಿಲ್ಟರ್ ತಂದಿತು. ಇದರಿಂದ ಸೋಂಕಿನ ಭಯ ಕಡಿಮೆಯಾಗುತ್ತದೆ. ಈ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮುಂದೆ ನಾನು ಹೇಳುವುದು ಡಯಾಲಿಸಿಸ್ ಬೇಡವೆಂದಲ್ಲ. ಅದಿಲ್ಲದಿದ್ದರೆ ಕಿಡ್ನಿ ಕಸಿಯ ತನಕ ಹೆಚ್ಚಿನವರು ಉಳಿಯುವುದೇ ಇಲ್ಲ.

ಈಗ ರೂಪಾಯಿಗೆ ಬರೋಣ. ಲೆಕ್ಕಕ್ಕೆಂದು ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಜಗಳೂರು ತಾಲ್ಲೂಕಿನ ಮೆಕ್ಕೆಜೋಳದ ರೈತ, ವಯಸ್ಸು 42, ಸಕ್ಕರೆ ಕಾಯಿಲೆಯೂ ಬಿಪಿಯೂ ಸೇರಿ ಕಿಡ್ನಿ ಕೆಟ್ಟಿದೆ. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ ಎನ್ನಿ, ಡಯಾಲಿಸಿಸ್. ಜೊತೆಗೆ ಹೆಂಡತಿ ಹೋಗಲೇಬೇಕು, ಮುಗಿಸಿ ಏಳುವಾಗ ಬಿಪಿ ಇಳಿದು ತಲೆ ತಿರುಗುತ್ತದೆ. ಸರ್ಕಾರಿ ಬಸ್ಸಾದರೆ 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತವಾದ್ದರಿಂದ ಆಕೆಗೆ ಟಿಕೆಟ್ ದುಡ್ಡು ಇಲ್ಲ. ರೋಗಿಯಾದ ಆತನಿಗೆ ಇದೆ. ಖಾಸಗಿ ಬಸ್ಸಾದರೆ ಇಬ್ಬರಿಗೂ ಇದೆ.

ಸರ್ಕಾರಕ್ಕೆ ಒಂದು ಸಲದ ಡಯಾಲಿಸಿಸ್‌ಗೆ 1,500 ರೂಪಾಯಿ ತಗಲುತ್ತದೆ ಎಂದು ಹಿಡಿಯುತ್ತೇನೆ. ವರ್ಷಕ್ಕೆ 104 ಸಲ, ಅಂದರೆ 1,56,000. ಕಿಡ್ನಿ ಕಸಿಗೆ ಒಂದೇ ಸಲ 2 ಲಕ್ಷ. ಆಮೇಲೆ ದೇಹ ಹೊಸ ಕಿಡ್ನಿಯನ್ನು ಹೊರದಬ್ಬದಂತೆ ತಡೆಯುವ ಮಾತ್ರೆ ತಿಂಗಳಿಗೆ 8,000, ವರ್ಷಕ್ಕೆ 96,000 ಎಂದು ಹಿಡಿಯೋಣ. ಇವು ನನ್ನ ಅಂದಾಜು. ಓದುಗರು ತಮಗೆ ಗೊತ್ತಿರುವ ಮೊತ್ತ ಹಾಕಿ ಮತ್ತೆ ಲೆಕ್ಕ ಮಾಡಬಹುದು, ಮಾಡಬೇಕು.

ಐದು ವರ್ಷಕ್ಕೆ ಡಯಾಲಿಸಿಸ್ 7,80,000. ಕಸಿ 6,80,000. ವ್ಯತ್ಯಾಸ ಒಂದೇ ಲಕ್ಷ! ಕಸಿಗೆ ಹಾಕಿದ 2 ಲಕ್ಷ ವಾಪಸು ಬರಲು ಮೂರು ವರ್ಷ ನಾಲ್ಕು ತಿಂಗಳು ಬೇಕು. ಬ್ರಿಟನ್ನಿನ ಲೆಕ್ಕ ಹೀಗಿಲ್ಲ. ಅಲ್ಲಿಯ ಆರೋಗ್ಯ ಸೇವೆ ಒಮ್ಮೆ ಕೊಟ್ಟ ಅಂದಾಜಿನಂತೆ ಡಯಾಲಿಸಿಸ್‌ಗೆ ವರ್ಷಕ್ಕೆ ಸುಮಾರು 30,000 ಪೌಂಡ್, ಕಸಿಗೆ 17,000, ನಂತರದ ಔಷಧಕ್ಕೆ ವರ್ಷಕ್ಕೆ 5,000. ಅಲ್ಲಿ ಮೊದಲ ವರ್ಷವೇ ಕಸಿ ಅಗ್ಗ. ನಮ್ಮಲ್ಲಿ ಹಾಗಿಲ್ಲದಿರಲು ಕಾರಣ, ನಮ್ಮ ಡಯಾಲಿಸಿಸ್ ಅಗ್ಗ. ಅಗ್ಗವಾಗಿರಲು ಒಂದು ಕಾರಣ, ಮೂರು ಸಲ ಬೇಕಾದ ಕಡೆ ಎರಡು ಸಲ ಮಾಡುತ್ತೇವೆ. ವಾರಕ್ಕೆ ಮೂರು ಸಲ ಎಂಬುದು ಪಠ್ಯಪುಸ್ತಕದ ರೂಢಿ. ಹಾಗೆ ಮಾಡಿದರೆ ವರ್ಷಕ್ಕೆ 2,34,000 ಆಗುತ್ತದೆ. ಕಸಿಯ ಖರ್ಚು ವಾಪಸು ಬರಲು ಒಂದೂವರೆ ವರ್ಷವೂ ಬೇಡ. ಅಂದರೆ ವಾರದ ಮೂರನೆಯ ದಿನವನ್ನು ಕೈಬಿಟ್ಟಿದ್ದರಿಂದಲೇ ನಮ್ಮ ಡಯಾಲಿಸಿಸ್ ಕಡಿಮೆ ಖರ್ಚಿನದಾಗಿ ಕಾಣುತ್ತಿದೆ. ಆ ಮೂರನೆಯ ದಿನದ ಸಾಲವನ್ನು ರೋಗಿ ತನ್ನ ದೇಹದಿಂದ ತೀರಿಸುತ್ತಿದ್ದಾನೆ: ಕಾಲೂತ, ರಾತ್ರಿ ಮಲಗಿದರೆ ಏದುಸಿರು, ದಪ್ಪಗಾಗುತ್ತ ಹೋಗುವ ಹೃದಯದ ಗೋಡೆ.

ಇನ್ನೊಂದು ಅಂಕಣ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. 104 ದಿನ, ಎರಡು ಆಳು, 208 ಆಳಿನ ಕೂಲಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಗುಣಿಸಿದರೆ 76,960. ಕಸಿಯಾದವರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಿಬಂದರೂ ಕಳೆಯುವ ಕೂಲಿ 8,880. ಇದನ್ನು ಸೇರಿಸಿ ನೋಡಿದರೆ, ಮೂರು ವರ್ಷ ನಾಲ್ಕು ತಿಂಗಳಿದ್ದ ಅವಧಿ 19 ತಿಂಗಳಿಗೆ ಇಳಿಯುತ್ತದೆ. ಕಸಿಯಾದ ಮೊದಲ ಮೂರು ತಿಂಗಳು ರೋಗಿ ಹೊಲಕ್ಕೆ ಇಳಿಯುವಂತಿಲ್ಲ, ಕಿಡ್ನಿ ಕೊಟ್ಟವರೂ ಕೆಲವು ವಾರ ಭಾರ ಎತ್ತುವಂತಿಲ್ಲ ಎಂಬುದನ್ನು ಎದುರು ಹಾಕಿದರೂ ತಕ್ಕಡಿ ಹೆಚ್ಚು ಅಲುಗುವುದಿಲ್ಲ. ಏಕೆಂದರೆ ಡಯಾಲಿಸಿಸ್‌ನ ಮರುದಿನವೂ ಆ ರೈತ ಆಳಿನ ಕೆಲಸ ಮಾಡಲಾರ. ಮೆಕ್ಕೆಜೋಳ ಮುರಿಯುವ ದಿನ, ಚನ್ನಗಿರಿಯಲ್ಲಾದರೆ ಅಡಿಕೆ ಸುಲಿಯುವ ದಿನ, ಸೋಮವಾರ ಗುರುವಾರ ನೋಡಿ ಬರುವುದಿಲ್ಲ.

ಇಲ್ಲಿಯವರೆಗೆ ಕೂಡಿಸಿ ಕಳೆದದ್ದು ಬದುಕಿರುವವರ ಲೆಕ್ಕ. ಇದರಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ ಬೇರೆ ಇದೆ. ರೋಗಿ ಎರಡನೆಯ ವರ್ಷ ತೀರಿಕೊಂಡರೆ ಡಯಾಲಿಸಿಸ್‌ನ ಖರ್ಚು ಅಲ್ಲಿಗೆ ನಿಲ್ಲುತ್ತದೆ. ಐದು ವರ್ಷಕ್ಕೆ 7,80,000 ಆಗಬೇಕಿದ್ದದ್ದು ಮೂರು ಲಕ್ಷಕ್ಕೇ ಮುಗಿಯುತ್ತದೆ. ಕಡತದಲ್ಲಿ ಅದು ಉಳಿತಾಯವಾಗಿಯೇ ಕಾಣುತ್ತದೆ. ಒಬ್ಬ ರೋಗಿಗೆ ಎಷ್ಟು ಖರ್ಚು ಎಂದು ಕೇಳುವುದೇ ತಪ್ಪು ಪ್ರಶ್ನೆ. ಬದುಕಿದ ಒಂದು ವರ್ಷಕ್ಕೆ ಎಷ್ಟು ಖರ್ಚು ಎಂದು ಕೇಳಬೇಕು.

ಅದಕ್ಕೆ ಮೊದಲು ಯಾರು ಎಷ್ಟು ವರ್ಷ ಬದುಕುತ್ತಾರೆ ಎಂಬುದು ಗೊತ್ತಿರಬೇಕು. ಅದನ್ನು ಅಳೆದ ಒಂದು ದೊಡ್ಡ ಅಧ್ಯಯನ 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಕಸಿಯಾದವರನ್ನು ಸುಮ್ಮನೆ ಡಯಾಲಿಸಿಸ್ ರೋಗಿಗಳ ಜೊತೆ ಹೋಲಿಸಿದರೆ ಮೋಸವಾಗುತ್ತದೆ, ಏಕೆಂದರೆ ಕಸಿಗೆ ಆರಿಸುವುದೇ ಗಟ್ಟಿಮುಟ್ಟಾದವರನ್ನು. ಅದಕ್ಕೇ ಆ ಸಂಶೋಧಕರು ಕಸಿಗೆ ಯೋಗ್ಯರೆಂದು ಪಟ್ಟಿಯಲ್ಲಿದ್ದು ಇನ್ನೂ ಕಾಯುತ್ತಿದ್ದವರನ್ನು, ಅದೇ ಪಟ್ಟಿಯಿಂದ ಹೋಗಿ ಕಸಿ ಪಡೆದವರ ಜೊತೆ ಹೋಲಿಸಿದರು. ಮೊದಲ ಎರಡು ವಾರ ಕಸಿಯಾದವರಿಗೇ ಸಾವಿನ ಅಪಾಯ ಹೆಚ್ಚು, 2.8 ಪಟ್ಟು. ಶಸ್ತ್ರಚಿಕಿತ್ಸೆಯೆಂದರೆ ಶಸ್ತ್ರಚಿಕಿತ್ಸೆಯೇ. ಆಮೇಲೆ ಅಪಾಯದ ಗೆರೆ ಇಳಿಯುತ್ತ ಹೋಗಿ, ಹದಿನೆಂಟು ತಿಂಗಳ ಹೊತ್ತಿಗೆ ಅವರ ಅಪಾಯ ಕಾಯುತ್ತಿದ್ದವರಿಗಿಂತ ಶೇಕಡಾ 68ರಷ್ಟು ಕಡಿಮೆಯಾಯಿತು. ಉಳಿಯಬಹುದಾದ ಆಯಸ್ಸಿನ ಅಂದಾಜು ಕಾಯುತ್ತಿದ್ದವರಿಗೆ 10 ವರ್ಷ, ಕಸಿಯಾದವರಿಗೆ 20. ಅಮೆರಿಕದ ಸಂಖ್ಯೆಗಳನ್ನು ಹಾಗೇ ಎತ್ತಿ ಹೊನ್ನಾಳಿಗೆ ಅಂಟಿಸುವಂತಿಲ್ಲ. ನಮ್ಮಲ್ಲಿ ಸೋಂಕು ಹೆಚ್ಚು, ಕ್ಷಯ ಹೆಚ್ಚು. ಆದರೆ ಗೆರೆ ಬಾಗುವ ದಿಕ್ಕು ಅದೇ.

ಕಸಿ ಎಂಬ ಮಾತನ್ನೇ ನೋಡಿ. ಮಾವಿಗೆ ಕಸಿ ಕಟ್ಟುವವರ ಮಾತದು. ನಾಟಿ ಬುಡಕ್ಕೆ ಬೇರೆ ಮರದ ಕುಡಿ ಕಟ್ಟಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದರೆ ಕೆಲವು ವಾರದಲ್ಲಿ ಚಿಗುರು. ಗಿಡಕ್ಕೆ ನಮ್ಮಂಥ ಕಾವಲುಪಡೆ ಇಲ್ಲ, ಬೇರೆಯದೆಂದು ಗುರುತಿಸಿ ಮುತ್ತಿಗೆ ಹಾಕುವ ಬಿಳಿ ರಕ್ತಕಣಗಳಿಲ್ಲ. ಮನುಷ್ಯನಿಗೆ ಇವೆ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರಿ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿ ಗೆದ್ದದ್ದು, ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದರಿಂದ. ಅವಳಿ ಇಲ್ಲದ ನಮ್ಮಂಥವರಿಗೆ ದಾರಿ ತೆರೆದದ್ದು ಮಣ್ಣು. ನಾರ್ವೆಯ ಮಣ್ಣಿನ ಶಿಲೀಂಧ್ರವೊಂದರಿಂದ ಸೈಕ್ಲೋಸ್ಪೊರಿನ್, ಜಪಾನಿನ ತ್ಸುಕುಬಾ ಬೆಟ್ಟದ ತಪ್ಪಲಿನ ಮಣ್ಣಿನ ಬ್ಯಾಕ್ಟೀರಿಯಾದಿಂದ ಟ್ಯಾಕ್ರೊಲಿಮಸ್ ಸಿಕ್ಕವು. ಕಾವಲುಪಡೆಯನ್ನು ಪೂರ್ತಿ ಕೊಲ್ಲದೆ ಮಂಕುಮಾಡುವ ಔಷಧಗಳು ಇವು. ನಮ್ಮ ದೇಶದಲ್ಲಿ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, 1971ರಲ್ಲಿ.

ಈ ಮಾತ್ರೆಗಳನ್ನು ದಿನಕ್ಕೆ ಎರಡು ಹೊತ್ತು, ಗಡಿಯಾರ ನೋಡಿ, ಕಿಡ್ನಿ ಬಾಳುವಷ್ಟು ಕಾಲವೂ ನುಂಗಬೇಕು. ಸರ್ಕಾರದ ಲೆಕ್ಕ ಎಡವುವುದು ಇಲ್ಲಿ ಎಂಬುದು ನನ್ನ ಬಲವಾದ ಅಭಿಪ್ರಾಯ. 2018-19ರಲ್ಲಿ ಕರ್ನಾಟಕ ಬಡವರ ಅಂಗಾಂಗ ಕಸಿಗೆಂದು ರೂಪಿಸಿದ ಯೋಜನೆಯಲ್ಲಿ ಕಿಡ್ನಿಗೆ 3 ಲಕ್ಷ ಇಟ್ಟರು: ಶಸ್ತ್ರಚಿಕಿತ್ಸೆಗೆ 2 ಲಕ್ಷ, ಔಷಧಕ್ಕೆ 1 ಲಕ್ಷ. ಒಳ್ಳೆಯ ಯೋಜನೆ, ಅನೇಕ ಮನೆಗಳಿಗೆ ಬಾಗಿಲು ತೆರೆದ ಯೋಜನೆ. ಆದರೆ ಮೇಲಿನ ಲೆಕ್ಕದಂತೆ ಒಂದು ಲಕ್ಷ ಒಂದು ವರ್ಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಕಿಡ್ನಿಗೆ ಇನ್ನೂ ಹತ್ತೋ ಹದಿನೈದೋ ವರ್ಷ ಬಾಳುವ ಶಕ್ತಿ ಇರುತ್ತದೆ. ಡಯಾಲಿಸಿಸ್‌ಗಾದರೆ ಇಷ್ಟು ವರ್ಷ ಎಂಬ ಮಿತಿ ಇಲ್ಲ, ಬೇಕಾದಷ್ಟು ಕಾಲ ಉಚಿತ.

ಅಮೆರಿಕ ಇದೇ ತಪ್ಪನ್ನು ದಶಕಗಟ್ಟಲೆ ಮಾಡಿತು. ಅಲ್ಲಿ ಕಿಡ್ನಿ ಕಾಯಿಲೆಯಿಂದಷ್ಟೇ ಸರ್ಕಾರಿ ವಿಮೆಗೆ ಬಂದವರಿಗೆ ಕಸಿಯಾಗಿ 36 ತಿಂಗಳ ನಂತರ ವಿಮೆ ನಿಲ್ಲುತ್ತಿತ್ತು, ಅದರ ಜೊತೆ ಔಷಧದ ದುಡ್ಡೂ ನಿಲ್ಲುತ್ತಿತ್ತು. ಮಾತ್ರೆ ಕೊಳ್ಳಲಾಗದವರು ಡೋಸ್ ತಪ್ಪಿಸಿದರು, ಕಿಡ್ನಿ ಕಳೆದುಕೊಂಡರು, ಮತ್ತೆ ಡಯಾಲಿಸಿಸ್‌ಗೆ ಬಂದರು. ಆ ಡಯಾಲಿಸಿಸ್‌ಗೆ ಅದೇ ವಿಮೆ ಮಾತ್ರೆಯ ಹಲವು ಪಟ್ಟು ದುಡ್ಡನ್ನು ತಕರಾರಿಲ್ಲದೆ ಕೊಟ್ಟಿತು. 2020ರ ಡಿಸೆಂಬರಿನಲ್ಲಿ ಕಾನೂನು ತಿದ್ದಿದರು, 2023ರ ಜನವರಿಯಿಂದ ಔಷಧದ ಮಿತಿ ಹೋಯಿತು. ಅವರು ಅಷ್ಟು ವರ್ಷ ತೆತ್ತು ಕಲಿತದ್ದನ್ನು ನಾವೂ ತೆತ್ತೇ ಕಲಿಯಬೇಕಿಲ್ಲ. ಚನ್ನಗಿರಿಯಲ್ಲಿ, ಹೊನ್ನಾಳಿಯಲ್ಲಿ, ಜಗಳೂರಿನಲ್ಲಿ, ನ್ಯಾಮತಿಯಲ್ಲಿ ಬಿಪಿ ಮಾತ್ರೆ ಕೊಡುವ ಸರ್ಕಾರಿ ಔಷಧ ಕಿಟಕಿಯಲ್ಲೇ ಟ್ಯಾಕ್ರೊಲಿಮಸ್ ಕೂಡ ತಿಂಗಳು ತಿಂಗಳು, ಮಿತಿಯಿಲ್ಲದೆ ಸಿಗಬೇಕು. ರಕ್ತದಲ್ಲಿ ಆ ಔಷಧದ ಮಟ್ಟ ನೋಡುವ ಪರೀಕ್ಷೆಗೆ ಬೆಂಗಳೂರಿನವರೆಗೆ 260 ಕಿಲೋಮೀಟರ್ ಹೋಗದೆ ಜಿಲ್ಲೆಯಲ್ಲೇ ರಕ್ತ ಕೊಡುವಂತಿರಬೇಕು.

ದುಡ್ಡು ಇದ್ದರೂ ಕಿಡ್ನಿ ಎಲ್ಲಿಂದ? 2023ರಲ್ಲಿ ದೇಶದಲ್ಲಿ ನಡೆದ ಕಿಡ್ನಿ ಕಸಿಗಳು 13,000ಕ್ಕೂ ಸ್ವಲ್ಪ ಹೆಚ್ಚು, ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು ಎಂಬ ಅಂದಾಜನ್ನು ಪಕ್ಕದಲ್ಲಿಡಿ. ಆ ಕಸಿಗಳಲ್ಲಿ ಬಹುಪಾಲು ಬದುಕಿರುವ ಬಂಧುಗಳು ಕೊಟ್ಟವು. ಹಾಗೆ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ತಾಯಿ ಮಗನಿಗೆ, ಹೆಂಡತಿ ಗಂಡನಿಗೆ. ಇದನ್ನು ಬರೀ ತ್ಯಾಗವೆಂದು ಹೊಗಳಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ಅದೇ ಕಾಯಿಲೆ ಆಕೆಗೆ ಬಂದಾಗ ಮನೆಯಲ್ಲಿ ಯಾರು ಮುಂದೆ ಬರುತ್ತಾರೆ ಎಂದು ಕೇಳಬೇಕಾಗುತ್ತದೆ.

ಇನ್ನೊಂದು ದಾರಿ, ಮಿದುಳು ನಿಷ್ಕ್ರಿಯರಾದವರ ಅಂಗದಾನ. 1994ರ ಕಾಯಿದೆ ಇದಕ್ಕೆ ಅವಕಾಶ ಕೊಟ್ಟಿತು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರು ಜೀವಸಾರ್ಥಕತೆ. 2022ರಲ್ಲಿ ರಾಜ್ಯದಲ್ಲಿ ಹೀಗೆ ದಾನವಾದದ್ದು 151 ಮಂದಿಯಿಂದ, 2023ರಲ್ಲಿ 178 ಮಂದಿಯಿಂದ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಹೋದಾಗ ಅವರ ಮನೆಯವರು ಅಂಗದಾನಕ್ಕೆ ಒಪ್ಪಿದ್ದನ್ನು ಓದುಗರು ಮರೆತಿರಲಾರರು. ಕಡೂರು ಸೀಮೆಯ ಹುಡುಗ, ಚನ್ನಗಿರಿಗೆ ದೂರದವನಲ್ಲ.

ದಾವಣಗೆರೆಯ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ತಲೆಗೆ ಪೆಟ್ಟಾದವರು ಐಸಿಯುಗೆ ಬರುತ್ತಲೇ ಇರುತ್ತಾರೆ. ಹೃದಯವಾದರೆ ದೇಹದಿಂದ ತೆಗೆದ ನಾಲ್ಕು ತಾಸಿನೊಳಗೆ ಇನ್ನೊಬ್ಬರ ಎದೆಯಲ್ಲಿ ಬಡಿಯಬೇಕು. ಕಿಡ್ನಿ ತಾಳ್ಮೆಯದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸುಮಾರು 24 ತಾಸು ಕಾಯುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಐದು ತಾಸು. ಕಿಡ್ನಿಗೆ ವಿಮಾನವೂ ಬೇಡ. ಬೇಕಾದದ್ದು ಐಸಿಯುನಲ್ಲಿ ಕಾಯಿದೆ ಹೇಳಿದಂತೆ ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಮಿದುಳು ನಿಷ್ಕ್ರಿಯವೆಂದು ಖಚಿತವಾಗಿ ಹೇಳುವ ವೈದ್ಯರ ತಂಡ. ಮತ್ತೆ, ಅಳುತ್ತಿರುವ ಮನೆಯವರ ಪಕ್ಕ ಕೂತು, ಆತುರಪಡಿಸದೆ, ಅವರ ಮಾತಿನಲ್ಲೇ ಇದನ್ನು ತಿಳಿಸಬಲ್ಲ ಒಬ್ಬರು. ಆ ಒಬ್ಬರ ಸಂಬಳ ದೊಡ್ಡ ಖರ್ಚೇನಲ್ಲ. ಅವರು ವರ್ಷಕ್ಕೆ ಒಂದೇ ಒಂದು ಮನೆಯವರನ್ನು ಒಪ್ಪಿಸಿದರೂ ಇಬ್ಬರು ಡಯಾಲಿಸಿಸ್ ಹಾಸಿಗೆಯಿಂದ ಏಳುತ್ತಾರೆ, ಅವರು ಬಿಟ್ಟ ಸೋಮವಾರ ಗುರುವಾರಗಳು ಇನ್ನಿಬ್ಬರಿಗೆ ಸಿಗುತ್ತವೆ.

ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸುವವರಲ್ಲಿ ಅನೇಕರ ತೋಳಿನಲ್ಲಿ ಫಿಸ್ಟುಲಾ ಇರುತ್ತದೆ. ಅಪಧಮನಿಯನ್ನು ಅಭಿಧಮನಿಗೆ ಹೊಲಿದು ಮಾಡಿದ ಜೋಡಣೆ ಅದು. ರಕ್ತ ಜೋರಾಗಿ ನುಗ್ಗಿ ರಕ್ತನಾಳ ಹಗ್ಗದಂತೆ ಉಬ್ಬುತ್ತದೆ. ಅದರ ಮೇಲೆ ಬೆರಳಿಟ್ಟರೆ ಜೇನುಗೂಡಿನ ಮೇಲೆ ಕೈಯಿಟ್ಟಂತೆ ಝುಮ್ಮೆನ್ನುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಮುಟ್ಟಿ ನೋಡಿಕೊಳ್ಳಬೇಕೆಂದು ಪ್ರತಿ ರೋಗಿಗೂ ಕಲಿಸಿರುತ್ತಾರೆ. ಕಸಿಯಾಗಿ ಹೊಸ ಕಿಡ್ನಿ ಚೆನ್ನಾಗಿ ಕೆಲಸ ಮಾಡತೊಡಗಿದ ಮೇಲೂ ವೈದ್ಯರು ಅದನ್ನು ಎಷ್ಟೋ ಸಲ ಮುಚ್ಚದೆ ಬಿಡುತ್ತಾರೆ. ಮಾತ್ರೆಯ ಡಬ್ಬಿ ಖಾಲಿಯಾಗಿ ಕಿಡ್ನಿ ಹೋದರೆ ಮತ್ತೆ ಸೂಜಿ ಚುಚ್ಚಲು ಸಿದ್ಧವಿರುವ ಜಾಗ ಅದು.